ರಾಜಾಜಿಯವರಿಂದ ತಮಿಳು ಕಲಿಕೆ ಕಾಯ್ದೆಯವರೆಗೆ: ಪಕ್ಷಗಳ ಕವಲು, ಭಾಷೆಯ ಪ್ರಶ್ನೆ

ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರಿಯವರು 1938ರಲ್ಲಿ ಮದ್ರಾಸ್ ಪ್ರಾಂತ್ಯದ ಕಾಂಗ್ರೆಸ್ ಸರಕಾರದ ಮುಖ್ಯಸ್ಥರಾಗಿದ್ದರು. ಆಯ್ದ ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದವರು ಅವರೇ. ಇದನ್ನು ವಿರೋಧಿಸಿ ಸೆರೆಮನೆ ಸೇರಿದವರಲ್ಲಿ ಕನ್ನಡ ಮನೆಮಾತಿನ ಈರೋಡಿನ ಪೆರಿಯಾರ್ ಇ.ವಿ. ರಾಮಸ್ವಾಮಿಯವರೂ ಕಾಂಚೀಪುರದ ತರುಣ ಸಿ.ಎನ್. ಅಣ್ಣಾದುರೈಯವರೂ ಇದ್ದರು. 1967ರ ಚುನಾವಣೆಯ ಹೊತ್ತಿಗೆ ಚಿತ್ರ ತಲೆಕೆಳಗಾಗಿತ್ತು. ಕಾಂಗ್ರೆಸ್ ತೊರೆದು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿ, ಹಿಂದಿಯೊಂದೇ ಕೇಂದ್ರದ ಆಡಳಿತ ಭಾಷೆಯಾಗುವುದನ್ನು ವಿರೋಧಿಸುತ್ತ, ಅಣ್ಣಾದುರೈಯವರ ಪಕ್ಷದೊಡನೆ ಕೈಜೋಡಿಸಿದರು. ಮದ್ರಾಸ್ ರಾಜ್ಯದಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು.

ಅಣ್ಣಾದುರೈಯವರ ಪಕ್ಷದ ಮೂಲವನ್ನು ಹುಡುಕುತ್ತ ಹೋದರೆ 1916ಕ್ಕೆ ಮುಟ್ಟುತ್ತೇವೆ. ಬ್ರಾಹ್ಮಣೇತರರಿಗೆ ಸರಕಾರಿ ಉದ್ಯೋಗದಲ್ಲಿಯೂ ಶಾಸನಸಭೆಯಲ್ಲಿಯೂ ಪಾಲು ಬೇಕೆಂದು ಆ ವರ್ಷ ಹುಟ್ಟಿದ್ದು ಜಸ್ಟಿಸ್ ಪಕ್ಷ. ಅದು ತಮಿಳರ ಪಕ್ಷವಾಗಿರಲಿಲ್ಲವೆಂಬುದನ್ನು ಇಂದು ಹಲವರು ಮರೆತಿದ್ದಾರೆ. ಅದನ್ನು ಕಟ್ಟಿದವರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರು ತೆಲುಗರು, ಟಿ.ಎಂ. ನಾಯರ್ ಮಲಯಾಳಿ. 1937ರ ಸೋಲಿನಿಂದ ಕಂಗೆಟ್ಟಿದ್ದ ಪಕ್ಷವು 1938ರ ಕೊನೆಗೆ, ಸೆರೆಮನೆಯಲ್ಲಿದ್ದ ಪೆರಿಯಾರರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. 1944ರ ಸೇಲಂ ಸಮ್ಮೇಳನದಲ್ಲಿ ಅದು ದ್ರಾವಿಡರ್ ಕಳಗಂ ಎಂದು ಹೆಸರು ಬದಲಿಸಿಕೊಂಡು, ಚುನಾವಣೆಯಿಂದ ದೂರ ಸರಿದು, ಸಮಾಜ ಸುಧಾರಣೆಯ ಸಂಘಟನೆಯಾಯಿತು.

ಮುಂದಿನ ಒಡಕು 1949ರಲ್ಲಿ. ಇಳಿವಯಸ್ಸಿನ ಪೆರಿಯಾರರು ತಮಗಿಂತ ಬಹಳ ಕಿರಿಯರಾದ ಮಣಿಯಮ್ಮೈಯವರನ್ನು ವಿವಾಹವಾದದ್ದು ತತ್ಕ್ಷಣದ ಕಾರಣ. ಆದರೆ ಅದಕ್ಕೂ ಮೊದಲೇ, ಸ್ವಾತಂತ್ರ್ಯ ದಿನವನ್ನು ಶೋಕದಿನವೆಂದು ಆಚರಿಸಬೇಕೆಂಬ ಪೆರಿಯಾರರ ಕರೆಯನ್ನು ಅಣ್ಣಾದುರೈ ಒಪ್ಪಿರಲಿಲ್ಲ. ಅವರು ದ್ರಾವಿಡ ಮುನ್ನೇತ್ರ ಕಳಗಂ ಕಟ್ಟಿ, ಮಾತೃಸಂಸ್ಥೆ ಬಿಟ್ಟಿದ್ದ ಚುನಾವಣೆಯ ಹಾದಿಯನ್ನು 1957ರಲ್ಲಿ ಹಿಡಿದರು.

ಪ್ರತ್ಯೇಕ ದ್ರಾವಿಡ ನಾಡಿನ ಬೇಡಿಕೆ ಮಾತ್ರ ಉಳಿದಿತ್ತು. 1956ರ ರಾಜ್ಯ ಪುನರ್ವಿಂಗಡಣೆಯೇ ಅದರ ಬುಡವನ್ನು ಸಡಿಲಿಸಿತೆನ್ನಬಹುದು. ಕಾಸರಗೋಡು ಕೇರಳಕ್ಕೆ, ದಕ್ಷಿಣ ಕನ್ನಡದ ಉಳಿದ ಭಾಗವೂ ಕೊಳ್ಳೇಗಾಲವೂ ಮೈಸೂರಿಗೆ ಹೋದವು. ಹೊಸೂರು, ತಾಳವಾಡಿಗಳು ಮದ್ರಾಸಿನಲ್ಲಿಯೇ ನಿಂತವು. ನಾಲ್ಕು ಭಾಷೆಗಳಿಗೂ ತಮ್ಮತಮ್ಮ ರಾಜ್ಯ ದೊರೆತ ಮೇಲೆ, ಎಲ್ಲರೂ ಸೇರಿ ಒಂದು ದ್ರಾವಿಡ ನಾಡು ಬೇಕೆಂದು ಕೇಳುವವರು ತಮಿಳು ಪ್ರದೇಶದ ಹೊರಗೆ ಯಾರಿದ್ದರು? ದೇಶದ ಅಖಂಡತೆಯನ್ನು ಎತ್ತಿಹಿಡಿಯುವೆನೆಂದು ಅಭ್ಯರ್ಥಿಗಳು ಪ್ರಮಾಣ ಮಾಡಬೇಕೆಂಬ ಸಂವಿಧಾನದ 16ನೆಯ ತಿದ್ದುಪಡಿ 1963ರಲ್ಲಿ ಬಂದಾಗ ಪಕ್ಷವು ಆ ಬೇಡಿಕೆಯನ್ನು ಕೈಬಿಟ್ಟು, ರಾಜ್ಯಗಳಿಗೆ ಹೆಚ್ಚಿನ ಅಧಿಕಾರ ಬೇಕೆಂಬ ನಿಲುವಿಗೆ ಬಂದಿತು.

ಅಧಿಕಾರಕ್ಕೆ ಬಂದ ಅಣ್ಣಾದುರೈ ಸರಕಾರವು 1968ರ ಜನವರಿಯಲ್ಲಿ ದ್ವಿಭಾಷಾ ಸೂತ್ರದ ನಿರ್ಣಯವನ್ನು ಅಂಗೀಕರಿಸಿತು. 1972ರಲ್ಲಿ ಪಕ್ಷದ ಹಣದ ಲೆಕ್ಕ ಕೇಳಿ ಹೊರಹಾಕಲ್ಪಟ್ಟ ಎಂ.ಜಿ. ರಾಮಚಂದ್ರನ್ ಅಣ್ಣಾ ಡಿಎಂಕೆ ಸ್ಥಾಪಿಸಿದರು. ಐದೇ ವರ್ಷಗಳಲ್ಲಿ ಮುಖ್ಯಮಂತ್ರಿಯಾದರು. ಎರಡು ಪಕ್ಷಗಳು ಬದ್ಧವೈರಿಗಳಾದರೂ ದ್ವಿಭಾಷಾ ಸೂತ್ರವನ್ನು ಎರಡೂ ಬಿಡಲಿಲ್ಲ. ನಾಯಕತ್ವಕ್ಕಾಗಿ ಒಡೆದ ಮನೆಯಲ್ಲಿ ಭಾಷಾನೀತಿ ಮಾತ್ರ ಪಾಲಾಗಲಿಲ್ಲ.

ಗಡಿನಾಡಿನ ಪಾಲಕರಿಗೆ ಇದು ಬರಿಯ ಚರಿತ್ರೆಯಲ್ಲ. ಬೇಡದ ಭಾಷೆಯನ್ನು ಮಕ್ಕಳ ಮೇಲೆ ಹೇರಬಾರದೆಂದು ಬೆಳೆದ ಪಕ್ಷದ ಸರಕಾರವೇ 2006ರಲ್ಲಿ ತಮಿಳು ಕಲಿಕೆ ಕಾಯ್ದೆಯನ್ನು ತಂದು, ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಎಲ್ಲ ಶಾಲೆಗಳಲ್ಲಿ ಕಡ್ಡಾಯಗೊಳಿಸಿತು. ಅದುವರೆಗೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪ್ರಥಮ ಭಾಷೆಯಾಗಿ ಕನ್ನಡವನ್ನೇ ಬರೆಯಲು ಮಕ್ಕಳಿಗೆ ಅವಕಾಶವಿತ್ತು. ರಾಜ್ಯದ ಭಾಷೆಯನ್ನು ಮಕ್ಕಳು ಕಲಿಯುವುದು ಒಳಿತೇ. ತಾಯ್ನುಡಿ ಕೂರುತ್ತಿದ್ದ ಮಣೆಯನ್ನು ಅದಕ್ಕಾಗಿ ತೆಗೆಯಬೇಕಿತ್ತೇ ಎಂಬುದೇ ತಕರಾರು. 2011ರಲ್ಲಿ ಅಧಿಕಾರಕ್ಕೆ ಮರಳಿದ ಅಣ್ಣಾ ಡಿಎಂಕೆ ಕೂಡ ಕಾಯ್ದೆಯನ್ನು ಹಿಂತೆಗೆಯಲಿಲ್ಲ. ಕನ್ನಡ, ತೆಲುಗು, ಉರ್ದು, ಮಲಯಾಳ ಶಾಲೆಗಳ ಮಕ್ಕಳಿಗೆ ವಿನಾಯಿತಿ ಸಿಕ್ಕಿದ್ದು ಶಾಸನಸಭೆಯಿಂದಲ್ಲ, ಮೊದಲು ಮದ್ರಾಸ್ ಹೈಕೋರ್ಟಿನಿಂದ, 2023ರಲ್ಲಿ ಸುಪ್ರೀಂ ಕೋರ್ಟಿನಿಂದ; ಅದೂ ಶಾಶ್ವತವಾಗಿ ಅಲ್ಲ, ಆಯಾ ವರ್ಷದ ಪರೀಕ್ಷೆಯ ಮಟ್ಟಿಗೆ.