ಒಂದು ಲಕ್ಷ ಖಾತೆ, ಮೂವತ್ತೆರಡು ಸಹಿ

ಹಾನಗಲ್ಲೇ ಇರಲಿ, ಹಿರೇಕೆರೂರೇ ಇರಲಿ, ತಿಂಗಳಿಗೊಮ್ಮೆ ಬ್ಯಾಂಕಿನ ಕಟ್ಟೆಯ ಮೇಲೆ ಕೇಳಿಬರುವ ಪ್ರಶ್ನೆ ಒಂದೇ: “ನಿಮಗ ಎರಡು ಸಾವಿರ ಬಂತೇನ್ರಿ ಅಕ್ಕಾರ?” ಬಂದವರು ಪಾಸ್‌ಬುಕ್ ಮಡಚಿ ಹೊರಡುತ್ತಾರೆ. ಬರದವರಿಗೆ ಒಳಗಿನಿಂದ ಉತ್ತರ ಸಿಗುತ್ತದೆ: “ಎನ್‌ಪಿಸಿಐ ಮಾಡಿಸ್ಕೊಂಡು ಬರ್ರಿ.” ಆ ನಾಲ್ಕಕ್ಷರ ಮುಂಬೈಯ ಒಂದು ಸಂಸ್ಥೆಯ ಹೆಸರೆಂಬುದು ಕಟ್ಟೆಯ ಮೇಲೆ ಕೂತವರಿಗೆ ಬೇಕಾಗಿಲ್ಲ. ನಮ್ಮ ಕಡೆ ಅದು ಮಾಡಿಸಿಕೊಳ್ಳುವ ಒಂದು ಕೆಲಸ, ಖಾತೆಗೆ ಆಧಾರ್ ಜೋಡಿಸುವುದು, ಅಷ್ಟೇ.

ಈ ಎರಡು ಸಾವಿರ ಗೃಹಲಕ್ಷ್ಮಿ ಯೋಜನೆಯದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ರಾಜ್ಯದಲ್ಲಿ ಸುಮಾರು 1.2 ಕೋಟಿ ಹೆಣ್ಣುಮಕ್ಕಳು ಪಡೆಯುತ್ತಾರೆ, ಅಂದರೆ ಒಂದು ಕಂತಿಗೆ 2,400 ಕೋಟಿ ರೂಪಾಯಿ. ಕಂತು ತಡವಾದರೆ ಊರೆಲ್ಲ ಗೊಣಗುತ್ತದೆ, ಗೊಣಗಲೂಬೇಕು. ಆದರೆ ಒಂದೇ ಪಟ್ಟಿ ಒಡೆದು ಕೋಟಿಗಟ್ಟಲೆ ಖಾತೆಗೆ ಹರಿಯುವುದು ಎಷ್ಟು ದೊಡ್ಡ ಕೆಲಸ ಎಂಬುದು, ಅದನ್ನೇ ಬೇರೆ ದಾರಿಯಲ್ಲಿ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದಾಗಲೇ ತಲೆಗೆ ಹತ್ತುವುದು. ಆ ಬೇರೆ ದಾರಿಯಾಗಿ ಬಿಟ್‌ಕಾಯಿನ್ ತೆಗೆದುಕೊಳ್ಳೋಣ.

ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸುವ ಖರ್ಚಿಗೂ ಹಣದ ಮೊತ್ತಕ್ಕೂ ಸಂಬಂಧವಿಲ್ಲ. ಎರಡು ಸಾವಿರ ಕಳಿಸಿದರೂ ಎರಡು ಕೋಟಿ ಕಳಿಸಿದರೂ ಕೇಳುವುದು ಒಂದೇ: ನಿನ್ನ ವ್ಯವಹಾರದ ಬರಹ ಎಷ್ಟು ಜಾಗ ಹಿಡಿಯುತ್ತದೆ? ಆ ಜಾಗವನ್ನು ವರ್ಚುವಲ್ ಬೈಟ್ ಎಂದು ಅಳೆಯುತ್ತಾರೆ. ವ್ಯವಹಾರಗಳನ್ನು ಬರೆದಿಡುವ ಪುಟಕ್ಕೆ ಬ್ಲಾಕ್ ಎಂದು ಹೆಸರು. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಒಂದು ಬ್ಲಾಕಿಗೆ ಹತ್ತು ಲಕ್ಷ ವರ್ಚುವಲ್ ಬೈಟ್. ಇಡೀ ಜಗತ್ತು ಹಂಚಿಕೊಳ್ಳಬೇಕಾದದ್ದು ಇಷ್ಟೇ ಜಾಗವನ್ನು. ಈಗ ಬಳಕೆಯಲ್ಲಿರುವ ಸಾಮಾನ್ಯ ವಿಳಾಸದಿಂದ ಒಬ್ಬರಿಗೆ ಹಣ ಕಳಿಸಿ, ಉಳಿದ ಚಿಲ್ಲರೆಯನ್ನು ನಮಗೇ ಮರಳಿಸಿಕೊಂಡರೆ ಸುಮಾರು 141 ಬೈಟ್ ಆಗುತ್ತದೆ. ಅದರೊಳಗೆ ಹಣ ಪಡೆಯುವವರ ಸಾಲು ಬರೀ 31 ಬೈಟ್. ಮಿಕ್ಕದ್ದೆಲ್ಲ ತಲೆಬರಹ, ಹಣದ ಮೂಲ, ಸಹಿ ಮತ್ತು ಚಿಲ್ಲರೆಯ ಸಾಲು.

ಜಾಣರು ಕೈ ಇಟ್ಟದ್ದು ಇಲ್ಲಿಯೇ. ಒಂದು ಸಹಿಯ ಕೆಳಗೆ ನೂರು ಜನರ ಸಾಲು ಬರೆದರೆ? ನೂರು ಬಿಡಿ ವ್ಯವಹಾರಕ್ಕೆ 14,100 ಬೈಟ್ ಬೇಕಾದಲ್ಲಿ ಕಟ್ಟುಕಟ್ಟಿದ ಒಂದೇ ವ್ಯವಹಾರ 3,210ರಲ್ಲಿ ಮುಗಿಯುತ್ತದೆ. ನೂರು ಚೀಲ ಗೋವಿನಜೋಳವನ್ನು ನೂರು ಸಲ ಬೈಕಿನಲ್ಲಿ ಒಯ್ಯುವ ಬದಲು ಒಂದು ಟ್ರ್ಯಾಕ್ಟರಿಗೆ ಹೇರಿದ ಹಾಗೆ. ಎಲೆಕ್ಟ್ರಮ್ ಎಂಬ ಹಳೆಯ ವ್ಯಾಲೆಟ್‌ನಲ್ಲಿ ಇದಕ್ಕೆ ವರ್ಷಗಳಿಂದ ಅನುಕೂಲವಿದೆ. ಸಾಲಿಗೊಂದು ವಿಳಾಸ, ಒಂದು ಅಲ್ಪವಿರಾಮ, ಒಂದು ಮೊತ್ತ. ಪಟ್ಟಿ ಅಂಟಿಸಿ ಒಮ್ಮೆ ಸಹಿ ಒತ್ತಿದರೆ ಮುಗಿಯಿತು. ಹಾಗಂತ ಎಷ್ಟಾದರೂ ಹೇರುವ ಹಾಗಿಲ್ಲ: ಒಂದು ವ್ಯವಹಾರ ಲಕ್ಷ ಬೈಟ್ ದಾಟಿದರೆ ಜಾಲದ ಕಂಪ್ಯೂಟರುಗಳು ಸಾಮಾನ್ಯವಾಗಿ ಅದನ್ನು ಮುಂದಕ್ಕೆ ದಾಟಿಸುವುದೇ ಇಲ್ಲ. ಹಾಗಾಗಿ ಒಂದು ಕಟ್ಟಿಗೆ 3,200 ಚಿಲ್ಲರೆ ಜನ.

ಈಗ ನಮ್ಮ ನಾಲ್ಕು ತಾಲೂಕಿಗೆ ಬರೋಣ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯದೇ ಸುಮಾರು 16 ಲಕ್ಷ ಜನಸಂಖ್ಯೆ. ಅದರೊಳಗಿನ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೇರಿ ಲೆಕ್ಕ ಸುಲಭವಾಗಲೆಂದು ಒಂದು ಲಕ್ಷ ಖಾತೆ ಹಿಡಿಯೋಣ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಕಳಿಸಿದರೆ 1 ಕೋಟಿ 41 ಲಕ್ಷ ಬೈಟ್, ಹದಿನಾಲ್ಕು ಬ್ಲಾಕ್, ಎರಡು ಗಂಟೆ ಇಪ್ಪತ್ತು ನಿಮಿಷ. ಕಟ್ಟು ಕಟ್ಟಿದರೆ 32 ವ್ಯವಹಾರ, 32 ಸಹಿ, ಮೂರು ಬ್ಲಾಕ್ ತುಂಬಿ ನಾಲ್ಕನೆಯದಕ್ಕೆ ತುಸು ಚೆಲ್ಲುತ್ತದೆ, ಮೂವತ್ತೊಂದು ನಿಮಿಷ. ಆ ಹೊತ್ತಿನಲ್ಲಿ ಜಗತ್ತಿನ ಬೇರೆ ಯಾರೂ ಬಿಟ್‌ಕಾಯಿನ್ ಮುಟ್ಟಕೂಡದು, ಅದು ಷರತ್ತು.

ಇಡೀ ರಾಜ್ಯದ ಲೆಕ್ಕಕ್ಕೆ ಹೋದರೆ ಕಟ್ಟು ಕಟ್ಟಿಯೂ 372 ಬ್ಲಾಕ್, 62 ಗಂಟೆ. ಬಿಡಿಬಿಡಿಯಾಗಿ ಆದರೆ 1,692 ಬ್ಲಾಕ್, ಹೆಚ್ಚುಕಡಿಮೆ ಹನ್ನೆರಡು ದಿನ. ಕರ್ನಾಟಕದ ಅಕ್ಕತಂಗಿಯರಿಗೆ ಒಂದು ಕಂತು ಮುಟ್ಟಿಸಲು ನ್ಯೂಯಾರ್ಕು, ಟೋಕಿಯೋ ಎಲ್ಲ ಹನ್ನೆರಡು ದಿನ ಕೈಕಟ್ಟಿ ಕೂರಬೇಕು!

ಪಕ್ಕದಲ್ಲಿ ಯುಪಿಐ ಇಟ್ಟು ನೋಡಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರಲ್ಲಿ ನಡೆದದ್ದು 2,001 ಕೋಟಿ ವ್ಯವಹಾರ. ಹಗಲು ರಾತ್ರಿ ಸೇರಿಸಿ ಭಾಗಿಸಿದರೆ ಸೆಕೆಂಡಿಗೆ ಸುಮಾರು 7,470. ಬಿಟ್‌ಕಾಯಿನ್‌ನ ಒಂದು ಬ್ಲಾಕಿನಲ್ಲಿ ಬಿಡಿ ವ್ಯವಹಾರ ಎಷ್ಟು ಹಿಡಿಯುತ್ತವೆ? ಸುಮಾರು 7,090. ಒಂದು ಕಡೆ ಒಂದು ಸೆಕೆಂಡಿನ ಕೆಲಸ ಇನ್ನೊಂದು ಕಡೆ ಹತ್ತು ನಿಮಿಷದ್ದು. ಆರುನೂರು ಪಟ್ಟಿನ ಈ ಅಂತರಕ್ಕೆ ಕಾರಣ ಪೆದ್ದುತನವಲ್ಲ. ಯುಪಿಐಗೆ ನಡುವೆ ನಂಬಿಕೆಯ ಒಡೆಯನೊಬ್ಬ ಇದ್ದಾನೆ. ಬಿಟ್‌ಕಾಯಿನ್‌ಗೆ ಇಲ್ಲ, ಅದಕ್ಕೇ ಸಾವಿರಾರು ಕಂಪ್ಯೂಟರುಗಳು ಪ್ರತಿಯೊಂದು ಸಾಲನ್ನೂ ತಾವೇ ತಾಳೆ ನೋಡುತ್ತವೆ, 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಹಿಡಿದು.

ಜಾಗ ಕಡಿಮೆಯಾದಾಗ ಬೆಲೆ ಏರುತ್ತದೆ. 2024ರ ಏಪ್ರಿಲ್ 20ರಂದು ಒಂದು ಬಿಟ್‌ಕಾಯಿನ್ ವ್ಯವಹಾರದ ಸರಾಸರಿ ಶುಲ್ಕ 128 ಡಾಲರಿನ ಆಸುಪಾಸಿಗೆ ಮುಟ್ಟಿತ್ತು. ನಮ್ಮ ಹಣದಲ್ಲಿ ಹತ್ತು ಸಾವಿರಕ್ಕೂ ಮೇಲೆ. ಎರಡು ಸಾವಿರ ಮುಟ್ಟಿಸಲು ಹತ್ತು ಸಾವಿರ ಗಾಡಿ ಬಾಡಿಗೆ! ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ ಜಾಲ ಇದಕ್ಕಿಂತ ಚುರುಕು, ಹನ್ನೆರಡು ಸೆಕೆಂಡಿಗೊಂದು ಬ್ಲಾಕ್. 2025ರ ಮೇ 7ರ ಪೆಕ್ಟ್ರಾ ಬದಲಾವಣೆಯ ನಂತರ ಅಲ್ಲಿ ಸಾಮಾನ್ಯ ಖಾತೆಯಿಂದಲೂ ಹಲವು ಕೆಲಸಗಳನ್ನು ಒಂದೇ ಸಹಿಗೆ ಕಟ್ಟಬಹುದು.

ಇಷ್ಟೆಲ್ಲ ಓದುವಾಗ ನನಗೆ ಪಂಚಾಯ್ತಿಯ ಡೋಂಗಲ್ ನೆನಪಾಗುತ್ತದೆ. ಉದ್ಯೋಗ ಖಾತ್ರಿಯ ಕೂಲಿ (2025-26ರಲ್ಲಿ ದಿನಕ್ಕೆ 370 ರೂಪಾಯಿ) ಪಾವತಿಯಾಗುವುದು ಎನ್‌ಎಂಆರ್ ಎಂಬ ಹಾಜರಿ ಪಟ್ಟಿಯಿಂದ ಎಫ್‌ಟಿಓ ಎಂಬ ಹಣ ವರ್ಗಾವಣೆ ಆದೇಶವಾಗಿ. ಅದೂ ಹೆಸರುಗಳ ಒಂದು ಕಟ್ಟೇ. ಅದಕ್ಕೆ ಇಬ್ಬರ ಡಿಜಿಟಲ್ ಸಹಿ ಬೇಕು. ಒಬ್ಬರು ಒತ್ತಿದರೆ ಸಾಲದು. ಡ್ರಾಯರಿನಲ್ಲಿ ಬೀಗ ಹಾಕಿಡುವ, ಹೆಬ್ಬೆರಳಿನಷ್ಟು ಉದ್ದದ ಆ ಯುಎಸ್‌ಬಿ ಕಡ್ಡಿಯೊಳಗೆ ಇರುವುದು ಆ ಸಹಿಯ ಗುಟ್ಟಿನ ಕೀಲಿ. ಕ್ರಿಪ್ಟೋ ಮಂದಿ ಹಾರ್ಡ್‌ವೇರ್ ವ್ಯಾಲೆಟ್ ಎಂದು ದುಡ್ಡು ಕೊಟ್ಟು ತರಿಸಿಕೊಳ್ಳುವುದೂ ಅಂಥದೇ ಕಡ್ಡಿಯನ್ನು. “ಎಫ್‌ಟಿಓ ಆಗೈತೇನ್ರಿ?” ಎಂದು ಕೇಳುವ ಹಿರೇಕೆರೂರಿನ ಕೂಲಿಯವರು ಈ ವಿದ್ಯೆಯ ಫಲವನ್ನು ಯಾವ ವ್ಯಾಲೆಟ್ಟೂ ಇಲ್ಲದೆ ಉಣ್ಣುತ್ತಿದ್ದಾರೆ.

ವ್ಯತ್ಯಾಸ ತಪ್ಪಾದಾಗ ಕಾಣುತ್ತದೆ. ಸರ್ಕಾರಿ ಪಟ್ಟಿಯಲ್ಲಿ ಹತ್ತು ಖಾತೆ ಸರಿಯಿಲ್ಲದಿದ್ದರೆ ಆ ಹತ್ತು ಮಾತ್ರ ವಾಪಸ್ ಬರುತ್ತವೆ, ಉಳಿದವು ಮುಟ್ಟುತ್ತವೆ. ಬಿಟ್‌ಕಾಯಿನ್ ಕಟ್ಟು ಹೋದರೆ ಪೂರ್ತಿ, ನಿಂತರೆ ಪೂರ್ತಿ. 42 ಅಕ್ಷರದ ವಿಳಾಸದಲ್ಲಿ ನಾಲ್ಕಕ್ಷರದವರೆಗೆ ತಪ್ಪಾದರೆ ಖಂಡಿತ ಸಿಕ್ಕಿಬೀಳುತ್ತದೆ. ಅದಕ್ಕೂ ಹೆಚ್ಚಾದರೆ ತಪ್ಪಿಸಿಕೊಳ್ಳುವ ಸಾಧ್ಯತೆ ನೂರು ಕೋಟಿಗೆ ಒಂದಕ್ಕಿಂತ ಕಡಿಮೆ. ಮೊತ್ತಕ್ಕೆ ಮಾತ್ರ ಅಂಥ ಕಾವಲಿಲ್ಲ. ದಶಾಂಶದ ನಂತರ ಎಂಟು ಅಂಕಿಗಳ ಆ ಸಾಲಿನಲ್ಲಿ ಒಂದು ಸೊನ್ನೆ ತಪ್ಪಿದರೆ ಹತ್ತು ಪಟ್ಟು ಹೋಯಿತು, ಮರಳಿ ಕೇಳಲು ಯಾವ ಕೌಂಟರೂ ಇಲ್ಲ. ಮೇಲಾಗಿ ಆ 3,200 ಸಾಲು ಎಲ್ಲರ ಕಣ್ಣಿಗೂ ಬಿದ್ದಿರುತ್ತವೆ. ಸವಣೂರಿನ ಒಂದು ಓಣಿಯಲ್ಲಿ ಯಾರ ವಿಳಾಸ ಯಾವುದೆಂದು ಗೊತ್ತಾಗಲು ಎಷ್ಟು ಹೊತ್ತು ಬೇಕು?

ಕಟ್ಟು ಕಟ್ಟಿದ ಲಾಭ ಕಳಿಸುವವನದು ಎಂಬುದು ಬೇಗ ಹೊಳೆಯುವುದಿಲ್ಲ. ಪಡೆದವರು ಖರ್ಚು ಮಾಡುವಾಗ ಕಟ್ಟು ಬಿಚ್ಚಿರುತ್ತದೆ, ತಲೆಗೊಂದು ಸಹಿ ಬೇಕೇ ಬೇಕು. ಚಿಲ್ಲರೆ ಉಳಿಸದೆ ಪೂರ್ತಿ ಕೊಟ್ಟುಬಿಟ್ಟರೂ ಒಬ್ಬೊಬ್ಬರಿಗೆ ಸುಮಾರು 110 ಬೈಟ್. ಒಂದು ಲಕ್ಷ ಜನಕ್ಕೆ ಹನ್ನೊಂದು ಬ್ಲಾಕ್. ನಾಲ್ಕು ತಾಲೂಕಿಗೆ ಹಣ ಹಂಚಲು ಮೂವತ್ತೊಂದು ನಿಮಿಷ ಸಾಕು. ಅದೇ ಹಣ ಕಿರಾಣಿ ಅಂಗಡಿಗೆ ಮುಟ್ಟಲು ಒಂದು ಗಂಟೆ ಐವತ್ತು ನಿಮಿಷ ಬೇಕು, ಶುಲ್ಕವನ್ನೂ ಆಗ ಆ ಲಕ್ಷ ಜನರೇ ಕಟ್ಟಬೇಕು.