ಪಿಎಚ್‌ಪಿ ಮೇಲಿನ ಅಕ್ಕರೆ

‘ಹಾಸನ’ಕ್ಕೆ ಎಷ್ಟು ಅಕ್ಷರ? ಶಾಲೆಯ ಮಗು ಮೂರು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಜಾಲತಾಣ ಕಟ್ಟುವ ಭಾಷೆಯಾದ ಪಿಎಚ್‌ಪಿಗೆ ಹಾಕಿದರೆ ಕೇಳಿದ ಬಗೆಗೆ ತಕ್ಕ ಉತ್ತರ ಸಿಗುತ್ತದೆ. ಅದರ ‘ಸ್ಟ್ರ್‌ಲೆನ್’ ಫಂಕ್ಷನ್ ಎಣಿಸುವುದು ಬೈಟುಗಳನ್ನು. ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾದ್ದರಿಂದ ಉತ್ತರ 12. ‘ಎಂಬಿ ಸ್ಟ್ರ್‌ಲೆನ್’ ಹ, ದೀರ್ಘ, ಸ, ನ ಎಂದು 4 ಎಣಿಸುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳನ್ನೇ ಎಣಿಸುವ ‘ಗ್ರಾಫೀಮ್ ಸ್ಟ್ರ್‌ಲೆನ್’ ಹೇಳುವುದು 3.

ಈ ವ್ಯತ್ಯಾಸ ತಿಳಿಯದೆ ಜಾಲತಾಣ ಕಟ್ಟಿದರೆ ಪೆಟ್ಟು ಬೀಳುವುದು ನಮ್ಮ ಊರುಗಳ ಹೆಸರಿಗೇ. 36 ಬೈಟಿನ ‘ಚನ್ನರಾಯಪಟ್ಟಣ’ವನ್ನು 20 ಬೈಟಿಗೆ ಕತ್ತರಿಸಿದರೆ ‘ಚನ್ನರಾ’ ಉಳಿದು, ಪಕ್ಕದಲ್ಲೊಂದು ಒಡೆದ ಗುರುತು ಕಾಣುತ್ತದೆ. ಹೊಳೆನರಸೀಪುರ, ಅರಕಲಗೂಡುಗಳಿಗೂ ಇದೇ ಪಾಡು.

ಪಿಎಚ್‌ಪಿ ಹುಟ್ಟಿದಾಗ ಇದೆಲ್ಲ ಯಾರ ಲೆಕ್ಕದಲ್ಲೂ ಇರಲಿಲ್ಲ. ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತಮ್ಮ ಸ್ವವಿವರದ ಪುಟಕ್ಕೆ ಎಷ್ಟು ಜನ ಬಂದರೆಂದು ನೋಡಲು ಸಿ ಭಾಷೆಯಲ್ಲಿ ಬರೆದುಕೊಂಡ ಪುಟ್ಟ ಸಲಕರಣೆ ಅದು. 1995ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡನ್ನು ಭಾಷೆಯ ಒಡಲಿಗೇ ತುಂಬಲು ಹೊರಟ 6ನೇ ಆವೃತ್ತಿ ವರ್ಷಗಟ್ಟಲೆ ಎಳೆದಾಡಿ, 2010ರಲ್ಲಿ ನಿಂತೇಹೋಯಿತು. ಹಾಗಾಗಿ 5ರ ಬಳಿಕ ನೇರವಾಗಿ 7 ಬಂತು.

ಆದರೂ ಹಳೆಯ ಡೆವಲಪರುಗಳು ಪಿಎಚ್‌ಪಿಯನ್ನು ಬಿಟ್ಟುಕೊಡುವುದಿಲ್ಲ. ಕಡತ ತಿದ್ದಿ, ಉಳಿಸಿ, ಬ್ರೌಸರ್‌ನಲ್ಲಿ ಪುಟವನ್ನು ರಿಫ್ರೆಶ್ ಮಾಡಿದರೆ ಸಾಕು, ಫಲ ಕಣ್ಣೆದುರು. ಅಗ್ಗದ ಹೋಸ್ಟಿಂಗ್‌ನಲ್ಲೂ ಅದು ಸಿದ್ಧವಾಗಿರುತ್ತದೆ. ತಾಲ್ಲೂಕು ಕೇಂದ್ರದ ಅಂಗಡಿಗೋ ಶಾಲೆಗೋ ಕಡಿಮೆ ಖರ್ಚಿನಲ್ಲಿ ಜಾಲತಾಣ ಮಾಡಿಕೊಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

ಹಳತೆಲ್ಲ ಹಾಗೇ ಓಡುತ್ತದೆಂದಲ್ಲ. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7, ಡೇಟಾಬೇಸ್ ಸಂಪರ್ಕದ ಹಳೆಯ ‘ಮೈಸೀಕ್ವೆಲ್’ ಫಂಕ್ಷನ್‌ಗಳನ್ನು ಕಿತ್ತುಹಾಕಿತು. ಅವನ್ನೇ ನಂಬಿದ್ದ ಕೋಡನ್ನು ತಿದ್ದದೆ ವಿಧಿಯಿರಲಿಲ್ಲ. ಪ್ರತಿಯಾಗಿ ವೇಗ ಹೆಚ್ಚಿತು.

ಕನ್ನಡಿಗರಿಗೆ ಪಿಎಚ್‌ಪಿಯ ಋಣ ಇನ್ನೂ ಹತ್ತಿರದ್ದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ ತಂತ್ರಾಂಶದ ಮೇಲೆ. ಅದರೊಳಗೆ ಕನ್ನಡಕ್ಕೆಂದೇ ಒಂದು ಪಿಎಚ್‌ಪಿ ಕಡತವಿದೆ: ಸದಸ್ಯ, ಚರ್ಚೆಪುಟ, ವರ್ಗ, ಸಹಾಯ ಎಂಬ ಹೆಸರುಗಳೂ ೦ಯಿಂದ ೯ರವರೆಗಿನ ಅಂಕಿಗಳೂ ಕೋಡಿನ ಸಾಲುಗಳಲ್ಲಿ ಕನ್ನಡದಲ್ಲೇ ಕೂತಿವೆ.

1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೂ ಆ ಕಡತವನ್ನು ಕಾಸು ಖರ್ಚಿಲ್ಲದೆ ತೆರೆದು ಓದಬಹುದು. ತಪ್ಪು ಕಂಡರೆ ತಿದ್ದುಪಡಿಯನ್ನೂ ಕಳಿಸಬಹುದು.