ದೂರದ ಊರಿನಿಂದ ಹಳೆಯ ಕಾರು ಖರೀದಿ: ಹಣಕ್ಕಿಂತ ಮುನ್ನ ದಾಖಲೆ

ದೆಹಲಿ, ಮುಂಬಯಿಯಂತಹ ದೂರದ ನಗರಗಳ ಖಾಸಗಿ ಮಾಲೀಕರಿಂದ ಬಳಸಿದ ಕಾರನ್ನು ಕೊಂಡು, ಲಾರಿಯ ಮೂಲಕ ತರಿಸಿಕೊಳ್ಳುವ ಪದ್ಧತಿ ನಮ್ಮ ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಕಂಡುಬರುತ್ತಿದೆ. ದೆಹಲಿಯಲ್ಲಿ ಬೆಲೆ ಕಡಿಮೆ ಇರುವುದಕ್ಕೆ ಕಾರಣವೂ ಇದೆ. 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳು ರಾಜಧಾನಿ ವಲಯದಲ್ಲಿ ಸಂಚರಿಸಬಾರದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿಹಿಡಿಯಿತು. ಅದರ ಜಾರಿಯ ಕುರಿತು 2025ರಲ್ಲಿಯೂ ಆದೇಶಗಳು ಬಂದಿವೆ. ಆದ್ದರಿಂದ ಅವಧಿ ಸಮೀಪಿಸಿದ ವಾಹನವನ್ನು ಹೊರರಾಜ್ಯಕ್ಕೆ ಮಾರಲು ಮಾಲೀಕರು ಆತುರಪಡುವುದು ಸಹಜ. ಆ ಆತುರವನ್ನು ಕೊಳ್ಳುವವರೂ ಹಂಚಿಕೊಂಡರೆ ಅಗ್ಗದ ಮಾಲು ದುಬಾರಿಯಾಗುತ್ತದೆ. ವಾಹನ ನಮ್ಮ ಅಂಗಳಕ್ಕೆ ಬಂದ ಮಾತ್ರಕ್ಕೆ ಖರೀದಿ ಮುಗಿಯುವುದಿಲ್ಲ. ನೋಂದಣಿ ಪತ್ರದಲ್ಲಿ ನಮ್ಮ ಹೆಸರು ಬಂದಾಗಲೇ ಅದು ಮುಗಿಯುವುದು.

ನಿಜವಾದ ಬೆಲೆ ಎಷ್ಟು?

ಮೋಟಾರು ವಾಹನಗಳ ಅಧಿನಿಯಮ, 1988ರ 47ನೇ ಪ್ರಕರಣದಂತೆ, ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಂಡಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಆಗ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕಾಗುತ್ತದೆ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಇದರ ಮೂಲದರ ವಾಹನದ ಬೆಲೆಗೆ ಅನುಗುಣವಾಗಿ ಶೇ. 13ರಿಂದ 18ರವರೆಗೆ ಇದ್ದು, ವಾಹನದ ವಯಸ್ಸಿಗೆ ತಕ್ಕಂತೆ ತಗ್ಗುತ್ತದೆ. ಲೆಕ್ಕ ಹಾಕುವುದು ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆಯೇ ಹೊರತು ತಾವು ಕೊಟ್ಟ ಬೆಲೆಯ ಮೇಲಲ್ಲ ಎಂಬುದನ್ನು ಗಮನಿಸಬೇಕು. ಹೊಸದರಲ್ಲಿ 12 ಲಕ್ಷ ರೂ. ಬೆಲೆಬಾಳುತ್ತಿದ್ದ ಐದಾರು ವರ್ಷದ ಕಾರನ್ನು 6 ಲಕ್ಷಕ್ಕೆ ಕೊಂಡರೂ ತೆರಿಗೆ ಒಂದು ಲಕ್ಷ ರೂ. ಮೀರಬಹುದು. ಮೂಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಮರುಪಾವತಿಯನ್ನು ಆ ರಾಜ್ಯದಲ್ಲಿಯೇ ಕೋರಬೇಕಾದ್ದರಿಂದ ಮಾರಾಟಗಾರರ ಸಹಕಾರವನ್ನು ಮೊದಲೇ ಲಿಖಿತವಾಗಿ ಪಡೆಯುವುದು ಒಳಿತು. ತೆರಿಗೆ, ಸಾಗಣೆ, ವಿಮೆ ಇವೆಲ್ಲವನ್ನೂ ಕೂಡಿಸಿದ ಮೊತ್ತವನ್ನು ಸ್ಥಳೀಯ ಬೆಲೆಯೊಡನೆ ಹೋಲಿಸಿದ ಮೇಲೆಯೇ ಚೌಕಾಸಿಗೆ ಇಳಿಯಬೇಕು.

ದಾಖಲೆಗಳ ಪರಿಶೀಲನೆ

ವಾಹನದ ಸಂಖ್ಯೆಯಿಂದ ನೋಂದಣಿ ಅವಧಿ, ವಿಮೆ, ಸಾಲದ ಅಡಮಾನ ಮತ್ತು ಬಾಕಿ ದಂಡಗಳ ವಿವರವನ್ನು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ವ್ಯವಸ್ಥೆಯಲ್ಲಿ ನೋಡಬಹುದು. ಬ್ಯಾಂಕಿನ ಅಡಮಾನವಿದ್ದರೆ, ಸಾಲ ತೀರಿದ ಪತ್ರದೊಡನೆ ನಮೂನೆ 35 ಸಲ್ಲಿಕೆಯಾಗಿ ನೋಂದಣಿ ಪತ್ರದಿಂದ ಆ ನಮೂದು ತೆಗೆದುಹಾಕಲ್ಪಟ್ಟಿರಬೇಕು. ಮಾರಾಟಗಾರರು ನಮೂನೆ 28ರಲ್ಲಿ ಅರ್ಜಿ ಸಲ್ಲಿಸಿ, ಎನ್.ಓ.ಸಿ. ಎಂದು ಕರೆಯಲಾಗುವ ನಿರಾಕ್ಷೇಪಣಾ ಪತ್ರವನ್ನು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯ ಹೆಸರಿಗೆ ಪಡೆಯಬೇಕು. ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿಯಾಗಿರಬೇಕು. ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ನಂಬಿಕಸ್ಥ ಮೆಕ್ಯಾನಿಕ್‌ನಿಂದ ಸ್ಥಳದಲ್ಲಿಯೇ ಪರೀಕ್ಷಿಸುವುದು ಅನಿವಾರ್ಯ. ತಾನು ಸೇನೆಯಲ್ಲಿರುವುದಾಗಿಯೂ ವರ್ಗಾವಣೆಯಾಗಿರುವುದರಿಂದ ಅಗ್ಗಕ್ಕೆ ಮಾರುತ್ತಿರುವುದಾಗಿಯೂ ಹೇಳಿ, ವಾಹನ ತೋರಿಸದೆ ಸಾಗಣೆಯ ಮುಂಗಡ ಕೇಳುವವರು ವಂಚಕರಾಗಿರುವ ಸಂಭವವೇ ಹೆಚ್ಚು.

ಹಣ ಪಾವತಿ

ಪಾವತಿಯನ್ನು ದಾಖಲೆಗಳ ಹೆಜ್ಜೆಗೆ ಹೊಂದಿಸಬೇಕು: ಒಪ್ಪಂದಕ್ಕೆ ಅಲ್ಪ ಮುಂಗಡ, ನಿರಾಕ್ಷೇಪಣಾ ಪತ್ರ ಕೈಸೇರಿದಾಗ ದೊಡ್ಡ ಭಾಗ, ವಾಹನ ಒಪ್ಪಿಸುವಾಗ ಉಳಿಕೆ. ಎಲ್ಲವೂ ನೋಂದಾಯಿತ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು. ಸಂಸ್ಥೆಯ ಸ್ವತ್ತಿಗಾಗಿ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ, 2017ರ ಹಣಕಾಸು ಅಧಿನಿಯಮವು ತಂದ ನಿಯಮದಂತೆ ಆ ಮೊತ್ತ ಸ್ವತ್ತಿನ ವೆಚ್ಚಕ್ಕೆ ಸೇರುವುದಿಲ್ಲ, ಸವಕಳಿಯೂ ದೊರೆಯುವುದಿಲ್ಲ. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಹೆಚ್ಚಿನ ನಗದು ಪಡೆದ ಮಾರಾಟಗಾರರು ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುತ್ತಾರೆ.

ಸಾಗಣೆಯಲ್ಲಿ ಅಡಗಿರುವ ಅಪಾಯ

ಕಾರಿಗೆ ಹಾನಿಯಾದರೆ ಸಾಗಣೆದಾರರು ಪೂರ್ಣ ಬೆಲೆ ಕೊಡುವರೆಂದು ಅನೇಕರು ಭಾವಿಸುತ್ತಾರೆ. ರಸ್ತೆ ಸಾಗಣೆ ಅಧಿನಿಯಮ, 2007 ಮತ್ತು 2011ರ ನಿಯಮಗಳಂತೆ, ಹೆಚ್ಚಿನ ಹೊಣೆಯ ದರವನ್ನು ಒಪ್ಪಿ ಕಟ್ಟದಿದ್ದಲ್ಲಿ, ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 20,000 ರೂ. ಬಾಡಿಗೆಯಾದರೆ ಪರಿಹಾರದ ಮಿತಿ 2 ಲಕ್ಷ. 6 ಲಕ್ಷದ ಕಾರಿನಲ್ಲಿ ಉಳಿದ 4 ಲಕ್ಷ ನಮ್ಮ ತಲೆಗೆ. ಆದುದರಿಂದ ಪ್ರತ್ಯೇಕ ಸಾಗಣೆ ವಿಮೆ ಮಾಡಿಸಬೇಕು. ಲಾರಿಗೆ ಏರಿಸುವಾಗಲೂ ಇಳಿಸುವಾಗಲೂ ಛಾಯಾಚಿತ್ರ ತೆಗೆದು, ಹಾನಿಯನ್ನು ರಸೀತಿಯಲ್ಲಿಯೇ ನಮೂದಿಸಬೇಕು. ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡದಿದ್ದರೆ ಸಾಗಣೆದಾರರ ಮೇಲೆ ದಾವೆ ಹೂಡಲಾಗದು. ಜಿ.ಎಸ್.ಟಿ. ನೋಂದಣಿಯುಳ್ಳ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವುದಾದರೆ ಇ-ವೇ ಬಿಲ್ ಸಿದ್ಧಪಡಿಸಿಕೊಳ್ಳುವುದು ಕ್ಷೇಮ.

ವಿಮೆ, ವರ್ಗಾವಣೆ ಮತ್ತು ಹೊಣೆ

ಮೂರನೇ ವ್ಯಕ್ತಿಯ ಹಾನಿಯ ವಿಮೆ ಮಾಲೀಕತ್ವದೊಡನೆ ವರ್ಗವಾಗುವುದೆಂದು ಕಾನೂನು ಭಾವಿಸುತ್ತದೆ. ಸ್ವಂತ ಹಾನಿಯ ವಿಮೆ ಹಾಗಲ್ಲ. 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಿ ಹೆಸರು ಬದಲಿಸಿಕೊಳ್ಳಬೇಕು. ಕ್ಲೇಮು ಇಲ್ಲದ ವರ್ಷಗಳ ರಿಯಾಯಿತಿ ಮಾರಾಟಗಾರರದು. ಅದರ ವ್ಯತ್ಯಾಸವನ್ನು ಕೊಂಡವರು ತುಂಬಬೇಕು. ಮಾಲೀಕತ್ವ ವರ್ಗಾವಣೆಯನ್ನು ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು.

ಇದು ಮಾರುವವರಿಗೂ ಎಚ್ಚರಿಕೆಯ ಮಾತು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಂತೆ, ವಾಹನ ಹಲವು ಕೈ ಬದಲಾಯಿಸಿದ್ದರೂ ದಾಖಲೆಯಲ್ಲಿ ಹೆಸರುಳ್ಳವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರು. ನಮ್ಮ ಹಳೆಯ ವಾಹನವನ್ನು ಹೊರರಾಜ್ಯಕ್ಕೆ ಮಾರಿ, ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೊಟ್ಟು ಸುಮ್ಮನಾಗುವುದು ಎಷ್ಟು ಅಪಾಯಕರವೆಂಬುದು ಇದರಿಂದ ತಿಳಿಯುತ್ತದೆ.

ಲೆಕ್ಕಪುಸ್ತಕದಲ್ಲಿ

ಕಾರು ಸಂಸ್ಥೆಯದೋ ಪಾಲುದಾರರದೋ ಎಂಬುದನ್ನು ಮೊದಲೇ ನಿರ್ಧರಿಸಿ, ನಮೂನೆಗಳಲ್ಲಿಯೂ ಪಾವತಿಯಲ್ಲಿಯೂ ಅದೇ ಹೆಸರು ಬಳಸಬೇಕು. ಬಳಕೆಗೆ ಮುನ್ನ ತಗಲಿದ ಸಾಗಣೆ, ಸಾಗಣೆ ವಿಮೆ ಮತ್ತು ನೋಂದಣಿ ವೆಚ್ಚಗಳನ್ನು ಸ್ವತ್ತಿನ ಬೆಲೆಗೆ ಸೇರಿಸಬಹುದು. ಸವಕಳಿ ದರ ಸಾಮಾನ್ಯವಾಗಿ ಶೇ. 15, ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಕ್ಟೋಬರ್ ಆರಂಭದ ಮುನ್ನವೇ ವಾಹನ ಬಳಕೆಗೆ ಬಂದರೆ ಪೂರ್ಣ ಲಾಭ ದೊರೆಯುತ್ತದೆ.

ಅಗ್ಗದ ಬೆಲೆಗೆ ಮನಸೋಲುವುದು ವರ್ತಕನ ಸ್ವಭಾವವೇ ಸರಿ. ಆದರೆ ಸರಕನ್ನು ತೂಗಿ ಕೊಳ್ಳುವ ನಾವು, ಕಾರಿನ ವಿಷಯದಲ್ಲಿ ಕಾಗದವನ್ನು ತೂಗಿ ಕೊಳ್ಳಬೇಕು.